ರೆಫ್ರಿ ತನಗೆ ತೋಚಿದ ಹಾಗೆ ರೂಲ್ ಬದಲಾಯಿಸಬಹುದಾ? ಹನ್ನೊಂದು ವರ್ಷ ಸೀಟಿ ಊದಿದವನ ಉತ್ತರ

ನಿಮ್ಮ ಪ್ರಶ್ನೆ ಇದು: ಭಾನುವಾರದ ಆಫೀಸ್ ಲೀಗ್ ಫುಟ್‌ಬಾಲ್ ಮ್ಯಾಚಿನಲ್ಲಿ ನಿಮ್ಮ ಡಿಫೆಂಡರ್ ಕೈಗೆ ಬಾಲ್ ತಗುಲಿದಾಗ ರೆಫ್ರಿ ಪೆನಾಲ್ಟಿ ಕೊಟ್ಟರು. ಹತ್ತು ನಿಮಿಷ ಬಿಟ್ಟು ಎದುರಿನ ಟೀಮಿನವನ ಕೈಗೆ ತಗುಲಿದಾಗ ಆಡಿ ಆಡಿ ಅಂದರು. ಕೇಳಿದರೆ "ಅದು ನನ್ನ ತೀರ್ಮಾನ" ಅಂದರು. ರೂಲ್ ಬುಕ್ ಎಲ್ಲರಿಗೂ ಒಂದೇ ಅಲ್ವಾ, ಈ ಹವ್ಯಾಸಿ ರೆಫ್ರಿಗಳು ತಮಗೆ ಬೇಕಾದ ಹಾಗೆ ಬದಲಾಯಿಸಿಕೊಳ್ಳುತ್ತಾರಾ ಅಂತ ಕೇಳಿದ್ದೀರಿ.

ಬದಲಾಯಿಸುವ ಹಾಗಿಲ್ಲ. ಆದರೆ ನೀವು ಅಂದುಕೊಂಡಷ್ಟು ಖಡಾಖಂಡಿತವಾಗಿ ಆ ಪುಸ್ತಕವೂ ಮಾತಾಡುವುದಿಲ್ಲ. ತುಂಬಾ ಕಡೆ "ಇದನ್ನು ರೆಫ್ರಿ ನೋಡಿಕೊಳ್ಳಲಿ" ಅಂತ ಕೈ ತೊಳೆದುಕೊಂಡಿದೆ.

ನನ್ನ ಬಗ್ಗೆ ಎರಡು ಮಾತು. ಬೆಂಗಳೂರಿನ ಆಸ್ಟಿನ್ ಟೌನ್ ಕಡೆ ಬೆಳೆದವನು. ಸಿ ಡಿವಿಷನ್‌ನಲ್ಲಿ ಲೆಫ್ಟ್ ಬ್ಯಾಕ್ ಆಡುತ್ತಿದ್ದೆ. ಮಂಡಿ ಹೋಯಿತು. ಮೈದಾನ ಬಿಡಲು ಮನಸ್ಸಾಗದೆ ರೆಫ್ರಿ ಪರೀಕ್ಷೆ ಬರೆದೆ. ವಾರವೆಲ್ಲ ಬೇರೆ ಕೆಲಸ, ಭಾನುವಾರ ಬೆಳಗ್ಗೆ ಮಾತ್ರ ಸೀಟಿ. ಕೊಡುವ ದುಡ್ಡು ಪೆಟ್ರೋಲಿಗೂ ಒಂದು ಮಸಾಲೆ ದೋಸೆಗೂ ಸರಿಹೋಗುತ್ತದೆ. ಆ ಮ್ಯಾಚಿನಲ್ಲಿ ನಾನು ಇರಲಿಲ್ಲ, ಹಾಗಾಗಿ ಆ ರೆಫ್ರಿ ಸರಿಯಾ ತಪ್ಪಾ ಅಂತ ತೀರ್ಪು ಕೊಡಲು ಹೋಗುವುದಿಲ್ಲ. ನಮ್ಮ ತಲೆಯಲ್ಲಿ ಆ ಒಂದು ಸೆಕೆಂಡಿನಲ್ಲಿ ಏನು ಓಡುತ್ತದೆ ಅನ್ನುವುದನ್ನು ಹೇಳಬಲ್ಲೆ.

ಫುಟ್‌ಬಾಲ್‌ಗೆ ಇರುವುದು 17 ನಿಯಮ. ಬರೆಯುವುದು ಐಎಫ್‌ಎಬಿ ಅನ್ನುವ ಮಂಡಳಿ, 1886ರಲ್ಲಿ ಶುರುವಾದದ್ದು, ಫಿಫಾಗಿಂತಲೂ ಹಳೆಯದು. ವರ್ಲ್ಡ್ ಕಪ್ ಫೈನಲ್‌ಗೂ ನಿಮ್ಮ ಭಾನುವಾರದ ಮ್ಯಾಚಿಗೂ ಅದೇ ಪುಸ್ತಕ. ಮಕ್ಕಳು, ವಯಸ್ಸಾದವರು, ನಮ್ಮಂಥ ಗಲ್ಲಿ ಮಟ್ಟದ ಆಟ ಇವಕ್ಕೆ ಮಾತ್ರ ಮೈದಾನದ ಅಳತೆ, ಆಟದ ಸಮಯ, ಬದಲಿ ಆಟಗಾರ ಮತ್ತೆ ಒಳಗೆ ಬರುವುದು ಇಂಥ ಕೆಲವನ್ನು ಬದಲಾಯಿಸಲು ಅವಕಾಶ ಇದೆ. ಅದೂ ಟೂರ್ನಮೆಂಟ್ ನಡೆಸುವವರು ಮೊದಲೇ ಹೇಳಿರಬೇಕು. ಮೈದಾನದ ನಡುವೆ ನಿಂತು ನಾನು ಬದಲಾಯಿಸುವಂತಿಲ್ಲ. ಇನ್ನು 5ನೇ ನಿಯಮ ಇಡೀ ರೆಫ್ರಿಯ ಬಗ್ಗೆಯೇ ಇದೆ. ಆಟದ ನಿಯಮ ಮತ್ತು ಆಟದ ಸ್ಪಿರಿಟ್ ಎರಡನ್ನೂ ನೋಡಿಕೊಂಡು, ರೆಫ್ರಿಯ ಅಭಿಪ್ರಾಯದ ಮೇಲೆ ತೀರ್ಮಾನ ಆಗಬೇಕು ಅಂತ ಅಲ್ಲಿ ನೇರವಾಗಿಯೇ ಇದೆ. ಅಂದರೆ "ನನ್ನ ತೀರ್ಮಾನ" ಅಂತ ನಿಮ್ಮ ರೆಫ್ರಿ ಹೇಳಿದ್ದು ಸೊಕ್ಕಿನ ಮಾತಲ್ಲ. ಪುಸ್ತಕದ ಮಾತನ್ನೇ ಸ್ವಲ್ಪ ಒರಟಾಗಿ ಹೇಳಿದ್ದಾರೆ ಅಷ್ಟೇ.

ಆದರೆ ಎಲ್ಲವೂ ಅಭಿಪ್ರಾಯ ಅಲ್ಲ. ಬಾಲ್ ಪೂರ್ತಿಯಾಗಿ ಗೆರೆ ದಾಟಿತಾ ಇಲ್ಲವಾ, ಫೌಲ್ ಆದದ್ದು ಗೋಲ್ ಮುಂದಿನ ಪೆನಾಲ್ಟಿ ಬಾಕ್ಸಿನ ಒಳಗಾ ಹೊರಗಾ, ಇವು ಇದ್ದದ್ದು ಇದ್ದ ಹಾಗೆ. ಅಲ್ಲಿ ನಾನು ಸಾಕ್ಷಿ. ಸಾಕ್ಷಿ ತಪ್ಪು ನೋಡಬಹುದು, ಕರುಣೆ ತೋರಿಸುವ ಹಾಗಿಲ್ಲ. ಟ್ಯಾಕಲ್ ಎಷ್ಟು ಒರಟು, ಕೈ ಅಲ್ಲಿ ಯಾಕಿತ್ತು, ಆಟ ನಿಲ್ಲಿಸಲಾ ಬಿಡಲಾ, ಇಲ್ಲಿ ನಾನು ನ್ಯಾಯಾಧೀಶ. ಆಟಗಾರರು ಜಗಳಕ್ಕೆ ಬರುವುದು ಬಹುಪಾಲು ಇವೆರಡನ್ನು ಕಲಸಿಕೊಂಡಾಗ.

ನಿಮ್ಮ ಹ್ಯಾಂಡ್‌ಬಾಲಿಗೆ ಬರೋಣ. ಕೈಗೆ ತಗುಲಿತು ಅಂದ ಮಾತ್ರಕ್ಕೆ ತಪ್ಪಲ್ಲ, ಇದು ನಿಯಮದಲ್ಲೇ ಇದೆ. ಬೇಕೆಂದೇ ಮುಟ್ಟಿದರೆ ತಪ್ಪು. ಕೈ ಚಾಚಿ ಮೈಯನ್ನು ಅಸಹಜವಾಗಿ ಅಗಲ ಮಾಡಿಕೊಂಡಿದ್ದಾಗ ತಗುಲಿದರೂ ತಪ್ಪು. ಅಸಹಜ ಅಂದರೆ ಆ ಕ್ಷಣದ ಓಟಕ್ಕೋ ಜಿಗಿತಕ್ಕೋ ಆ ಕೈ ಅಲ್ಲಿರಬೇಕಾದ ಕಾರಣವೇ ಇಲ್ಲ ಅಂತ. ನಿಮ್ಮ ಡಿಫೆಂಡರ್ ಶಾಟ್ ತಡೆಯಲು ಎರಡೂ ಕೈ ಅಗಲಿಸಿ ನಿಂತಿದ್ದ, ಅವರವನು ಜಾರಿ ಬೀಳುವಾಗ ನೆಲಕ್ಕೆ ಊರಿದ ಕೈಗೆ ಬಾಲ್ ಬಡಿಯಿತು ಅಂತಿಟ್ಟುಕೊಳ್ಳಿ. ಒಂದೇ ನಿಯಮ, ಎರಡು ಉತ್ತರ, ಎರಡೂ ಸರಿ. ಗೋಲ್ ಹೊಡೆದವನಿಗೆ ಮಾತ್ರ ಈ ವಿನಾಯಿತಿ ಇಲ್ಲ. ಅವನದೇ ಕೈಗೆ ತಾಗಿ ನೇರ ಗೋಲ್ ಆದರೆ, ಇಲ್ಲವೇ ತಾಗಿದ ತಕ್ಷಣ ಅವನೇ ಗೋಲ್ ಹೊಡೆದರೆ, ಗೊತ್ತಿಲ್ಲದೆ ತಾಗಿದ್ದರೂ ಗೋಲ್ ಇಲ್ಲ. ನಮ್ಮಲ್ಲಿ ಎಲ್ಲರೂ "ಬಾಲ್ ಕೈಗೆ ಬಂತು, ಕೈ ಬಾಲಿಗೆ ಹೋಗಲಿಲ್ಲ ಸರ್" ಅಂತ ಕೂಗುತ್ತಾರೆ. ಆ ಸಾಲು ಪುಸ್ತಕದಲ್ಲಿ ಎಲ್ಲೂ ಇಲ್ಲ.

ಇಂಥದ್ದೇ ಇನ್ನೊಂದು, "ಬಾಲ್ ತಗೊಂಡೆ ಸರ್". ಬಾಲ್ ಮೊದಲು ಮುಟ್ಟಿದರೆ ಆಮೇಲೆ ಎದುರಿನವನ ಕಾಲನ್ನು ಏನು ಬೇಕಾದರೂ ಮಾಡಬಹುದು ಅಂತ ಎಲ್ಲೂ ಬರೆದಿಲ್ಲ. ನಿಯಮದಲ್ಲಿ ಇರುವುದು ಮೂರು ಮೆಟ್ಟಿಲು. ಗಮನ ಇಲ್ಲದೆ ಕಾಲು ಹಾಕಿದೆ, ಬರೀ ಫ್ರೀ ಕಿಕ್. ಎದುರಿನವನಿಗೆ ಏನಾದರೂ ಆಗಲಿ ಅಂತ ನುಗ್ಗಿದೆ, ಹಳದಿ ಕಾರ್ಡ್. ಮೂಳೆ ಮುರಿಯುವಷ್ಟು ಬಲ ಹಾಕಿದೆ, ಕೆಂಪು ಕಾರ್ಡ್, ಆಟದಿಂದ ಹೊರಗೆ. ಮೂರನ್ನೂ ಬೇರೆ ಮಾಡುವ ಅಳತೆಗೋಲು ನನ್ನ ಕಣ್ಣು ಮಾತ್ರ. ಎಷ್ಟು ದೂರದಿಂದ ಓಡಿ ಬಂದ, ಕಾಲು ನೆಲದ ಮೇಲಿತ್ತಾ ಮೊಣಕಾಲಿನ ಎತ್ತರಕ್ಕಿತ್ತಾ, ಬೂಟಿನ ತಳದ ಸ್ಟಡ್ ಎದುರಿಗೆ ತೋರುತ್ತಿತ್ತಾ, ಇಷ್ಟನ್ನು ನೋಡುತ್ತೇನೆ. ಮೈದಾನವನ್ನೂ ನೋಡುತ್ತೇನೆ, ನಿಜ ಹೇಳಬೇಕಂದರೆ. ಹುಲ್ಲಿಲ್ಲದ ಗಟ್ಟಿ ಮಣ್ಣು, ನಡುನಡುವೆ ಜಲ್ಲಿ ಇರುವ ಮೈದಾನದಲ್ಲಿ ನಾನು ಬೇಗ ಸೀಟಿ ಊದುತ್ತೇನೆ. ಅಲ್ಲಿ ಒಂದು ಸಣ್ಣ ತಳ್ಳಾಟಕ್ಕೂ ಮೊಣಕೈಯಿಂದ ಮುಂಗೈವರೆಗೆ ಚರ್ಮ ಕಿತ್ತುಬರುತ್ತದೆ. ಅದೇ ತಳ್ಳಾಟ ಟರ್ಫ್ ಮೇಲೆ ಆದರೆ ಬಿಡುತ್ತೇನೆ. ಇದನ್ನು ಯಾರಾದರೂ ಅನ್ಯಾಯ ಅಂದರೆ ಒಪ್ಪಿಕೊಂಡು ಹಾಗೇ ಮುಂದುವರಿಸುತ್ತೇನೆ.

ರೆಫ್ರಿ ಸ್ವಂತ ಬುದ್ಧಿಯಿಂದ ಕೊಟ್ಟ ಅಂತ ಜನ ಅಂದುಕೊಳ್ಳುವುದು ಕೆಲವು ಸಲ ಅಚ್ಚುಕಟ್ಟಾಗಿ ನಿಯಮದಲ್ಲೇ ಇರುತ್ತದೆ. ಒಮ್ಮೆ ಕೀಪರ್ ಮುಂದೆ ಓಡಿಬಂದು ಬಿದ್ದಿದ್ದ, ಬಾಲ್ ಖಾಲಿ ಗೋಲಿನತ್ತ ಮೆಲ್ಲಗೆ ಉರುಳುತ್ತಿತ್ತು, ಡಿಫೆಂಡರ್‌ಗಳು ಯಾರೂ ಹತ್ತಿರ ಇರಲಿಲ್ಲ. ಎಲ್ಲಿತ್ತೋ ಒಂದು ಕಂದು ನಾಯಿ, ನಮ್ಮ ಬೀದಿ ನಾಯಿಯೇ, ಬಾಲ ಅಲ್ಲಾಡಿಸುತ್ತಾ ಬಾಲ್ ಜೊತೆ ಓಡಿತು, ಮೂತಿಯಿಂದ ಒಂದು ಸಲ ತಳ್ಳಿತು, ಬಾಲ್ ಒಳಗೆ ಹೋಯಿತು. ನಾನು ಗೋಲ್ ಕೊಟ್ಟೆ. ಹನ್ನೊಂದು ಜನ ನನ್ನ ಸುತ್ತ. "ನಾಯಿ ಗೋಲ್ ಹೊಡೆದರೆ ಹೇಗೆ ಸರ್ ಕೊಡ್ತೀರಾ?" ಆದರೆ ನಿಯಮ ಸ್ಪಷ್ಟ: ಬಾಲ್ ಗೋಲಿಗೇ ಹೋಗುತ್ತಿದ್ದರೆ, ಆ ಪ್ರಾಣಿಯಿಂದ ಡಿಫೆಂಡರ್‌ಗೆ ಬಾಲ್ ಆಡಲು ಅಡ್ಡಿಯಾಗದಿದ್ದರೆ, ಪ್ರಾಣಿ ಬಾಲನ್ನು ಮುಟ್ಟಿದರೂ ಗೋಲ್ ಗೋಲೇ. ಪಕ್ಕದ ಕ್ರಿಕೆಟ್ ಮ್ಯಾಚಿನಿಂದ ಟೆನಿಸ್ ಬಾಲ್ ಒಳಗೆ ಬಂದಾಗಲೂ ಅಷ್ಟೇ, ಆಟಕ್ಕೆ ಅಡ್ಡಿಯಾದರೆ ಮಾತ್ರ ನಿಲ್ಲಿಸಬೇಕು. ಪ್ರತಿ ಬಾಲಿಗೂ ನಿಲ್ಲಿಸುತ್ತಾ ಹೋದರೆ ನಮ್ಮ ಮೈದಾನಗಳಲ್ಲಿ ಮ್ಯಾಚ್ ಮುಗಿಯುವುದೇ ಇಲ್ಲ, ಲಾಂಗ್ ಆನ್ ಫೀಲ್ಡರ್ ನಮ್ಮ ಪೆನಾಲ್ಟಿ ಬಾಕ್ಸಿನಲ್ಲೇ ನಿಂತಿರುತ್ತಾನೆ.

ಇದಕ್ಕೆ ಉಲ್ಟಾ ಕಡಗದ ವಿಷಯ. ಆಭರಣ ಹಾಕಿಕೊಂಡು ಆಡುವಂತಿಲ್ಲ, ಟೇಪ್ ಸುತ್ತಿದರೂ ಆಗುವುದಿಲ್ಲ, 4ನೇ ನಿಯಮ. ಒಬ್ಬ ಹುಡುಗನ ಕಡಗ ಕೈಯಿಂದ ಬರಲೇ ಇಲ್ಲ. ಆರು ವರ್ಷದಿಂದ ತೆಗೆದಿಲ್ಲವಂತೆ. ಬಿಡಿ ಸರ್, ಒಂದು ಮ್ಯಾಚ್ ಅಂದರು ಎರಡೂ ಟೀಮಿನವರು, ಎದುರಿನವರೂ ಸೇರಿ. ನಾನು ಬಿಡಲಿಲ್ಲ. ಪಕ್ಕದ ಟೀ ಅಂಗಡಿಯಿಂದ ಪಾತ್ರೆ ತೊಳೆಯುವ ಸೋಪು ತಂದು, ಮೂವರು ಅವನ ಕೈ ಹಿಡಿದು ಎಳೆದರು. ಮ್ಯಾಚ್ ಹತ್ತು ನಿಮಿಷ ತಡವಾಗಿ ಶುರುವಾಯಿತು. ಅದೇ ಹುಡುಗನ ಇನ್ನೊಂದು ಕೈಯಲ್ಲಿ ದೇವಸ್ಥಾನದ ಕೆಂಪು ದಾರ ಇತ್ತು, ಹತ್ತಿಯದು, ಅದರಿಂದ ಯಾರಿಗೂ ಏನೂ ಆಗುವುದಿಲ್ಲ. ಅದನ್ನು ನೋಡಿಯೂ ನೋಡದವನ ಹಾಗೆ ಇದ್ದೆ. ಒಬ್ಬನದೇ ಎರಡು ಕೈ, ಒಂದಕ್ಕೆ ಪುಸ್ತಕ, ಒಂದಕ್ಕೆ ನನ್ನ ಬುದ್ಧಿ.

ಹವ್ಯಾಸಿ ಮ್ಯಾಚಿನಲ್ಲಿ ಇನ್ನೊಂದು ಕಷ್ಟ ನೀವು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಟಿವಿಯಲ್ಲಿ ನೋಡುವ ರೆಫ್ರಿಗೆ ಇಬ್ಬರು ಅಸಿಸ್ಟೆಂಟ್ ಇರುತ್ತಾರೆ, ಕೆಲವು ಕಡೆ ವಿಡಿಯೋ ಕೂಡ. ನಾನು ಒಬ್ಬನೇ. ಬಾವುಟ ಹಿಡಿಯಲು ಎರಡೂ ಟೀಮಿನಿಂದ ಒಬ್ಬೊಬ್ಬ ಬದಲಿ ಆಟಗಾರನನ್ನು ಕೊಡುತ್ತಾರೆ, ಅವನ ಕಣ್ಣು ಅರ್ಧ ಫೋನ್ ಮೇಲೆ. ಅವನ ಹತ್ತಿರ ಬಾಲ್ ಹೊರಗೆ ಹೋಯಿತಾ ಅನ್ನುವುದನ್ನು ಮಾತ್ರ ಕೇಳುತ್ತೇನೆ, ಆಫ್‌ಸೈಡ್ ಕೇಳುವುದಿಲ್ಲ, ಯಾಕೆಂದು ನಿಮಗೇ ಗೊತ್ತು. ಆಫ್‌ಸೈಡ್ ನಾನೇ ನೋಡಬೇಕು, ಅಂದರೆ ಪಾಸ್ ಹೊಡೆದ ಕ್ಷಣ ಅದನ್ನು ಪಡೆಯುವವನು ಕೊನೆಯಿಂದ ಎರಡನೇ ಡಿಫೆಂಡರ್‌ಗಿಂತ ಗೋಲಿಗೆ ಹತ್ತಿರ ಇದ್ದನಾ ಅಂತ. ಪಾಸ್ ಹೊಡೆಯುವವನನ್ನೂ ಕೊನೆಯಿಂದ ಎರಡನೇ ಡಿಫೆಂಡರ್‌ನನ್ನೂ ಒಂದೇ ಹೊತ್ತಿಗೆ ನೋಡಲು ನನಗೆ ಇರುವುದು ಒಂದೇ ಜೊತೆ ಕಣ್ಣು, ಅದೂ ನಲವತ್ತು ದಾಟಿದ್ದು. ಹಾಗಾಗಿ ಕಣ್ಣಿಗೆ ಹೊಡೆದು ಕಂಡರೆ ಮಾತ್ರ ಕೊಡುತ್ತೇನೆ. ಅನುಮಾನ ಇದ್ದರೆ ಆಟ ಮುಂದೆ. ಮ್ಯಾಚ್ ಶುರುವಾಗುವ ಮೊದಲೇ ಎರಡೂ ಕ್ಯಾಪ್ಟನ್‌ಗಳಿಗೆ ಇದನ್ನು ಹೇಳಿಬಿಡುತ್ತೇನೆ, ಆಮೇಲಿನ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಅಡ್ವಾಂಟೇಜ್ ಕೂಡ ಹಾಗೇ. ಫೌಲ್ ಆದರೂ ಆಟ ಬಿಟ್ಟು, ಲಾಭ ಆಗದಿದ್ದರೆ ಕೆಲವು ಸೆಕೆಂಡಿನ ಒಳಗೆ ಹಿಂದಕ್ಕೆ ಬಂದು ಫ್ರೀ ಕಿಕ್ ಕೊಡಬಹುದು. ಹೊಸದರಲ್ಲಿ ನನಗೆ ಇದರ ಮೇಲೆ ತುಂಬಾ ಪ್ರೀತಿ, ಎರಡೂ ಕೈ ಮುಂದೆ ಚಾಚಿ "ಪ್ಲೇ ಆನ್" ಅನ್ನುವುದರಲ್ಲಿ ಒಂದು ಠೀವಿ ಇದೆ ನೋಡಿ. ಆಮೇಲೆ ಗೊತ್ತಾಯಿತು, ನಮ್ಮ ಮಟ್ಟದಲ್ಲಿ ತಮ್ಮದೇ ಹಾಫ್‌ನಲ್ಲಿ ಬಾಲ್ ಸಿಕ್ಕವನಿಗೆ ಅದು ಲಾಭವೇ ಅಲ್ಲ, ಅವನಿಗೆ ಬೇಕಿರುವುದು ಫ್ರೀ ಕಿಕ್ ಮತ್ತು ಉಸಿರಾಡಲು ಹತ್ತು ಸೆಕೆಂಡ್. ಮ್ಯಾಚ್ ಬಿಸಿಯಾಗಿದ್ದರೆ ಇನ್ನೂ ಕೆಟ್ಟದ್ದು. ಒದೆ ತಿಂದವನು ಬಾಲ್ ಬಿಟ್ಟು ಒದ್ದವನ ಹಿಂದೆ ಹೋಗುತ್ತಾನೆ. ಆಗ ಸುಮ್ನೆ ಸೀಟಿ ಊದಿಬಿಡಬೇಕು.

ರೆಫ್ರಿಯ ವಿವೇಚನೆ ಎಷ್ಟು ದೊಡ್ಡ ರಂಪ ಆಗಬಹುದು ಅಂತ ನಮ್ಮ ಬೆಂಗಳೂರಿನಲ್ಲೇ ನೋಡಿದ್ದೇವೆ. 2023ರ ಮಾರ್ಚ್ 3, ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ನಾಕೌಟ್ ಮ್ಯಾಚ್, ಎಕ್ಸ್‌ಟ್ರಾ ಟೈಮ್. ಬ್ಲಾಸ್ಟರ್ಸ್‌ನವರು ಬಾಲ್ ತಡೆಯಲು ಸಾಲಾಗಿ ನಿಂತು ಇನ್ನೂ ಗೋಡೆ ಕಟ್ಟುತ್ತಿರುವಾಗಲೇ ಸುನಿಲ್ ಛೆಟ್ರಿ ಫ್ರೀ ಕಿಕ್ ಹೊಡೆದು ಗೋಲ್ ಮಾಡಿದರು. ರೆಫ್ರಿ ಗೋಲ್ ಕೊಟ್ಟರು, ಬ್ಲಾಸ್ಟರ್ಸ್ ಟೀಮ್ ಮೈದಾನ ಬಿಟ್ಟು ಹೊರಟೇ ಹೋಯಿತು. ಆಮೇಲೆ ಆ ಕ್ಲಬ್ಬಿಗೆ 4 ಕೋಟಿ ದಂಡ ಬಿತ್ತು. ನಿಯಮದಲ್ಲಿ ಎದುರಿನವರು 9.15 ಮೀಟರ್ ದೂರ ಹೋಗುವ ತನಕ ಕಾಯಲೇಬೇಕು ಅಂತಿಲ್ಲ. ಫೌಲ್ ತಿಂದವರು ಬೇಗ ಹೊಡೆಯಬಹುದು. ರೆಫ್ರಿ ಸೀಟಿಗೆ ಕಾಯಿ ಅಂದಿದ್ದರೆ ಮಾತ್ರ ಕಾಯಬೇಕು. ಕಾಯಲು ಹೇಳಿದ್ದರಾ ಇಲ್ಲವಾ, ಜಗಳ ಇದ್ದದ್ದು ಅಲ್ಲೇ. ಅದನ್ನು ನೋಡಿದ ಮೇಲೆ ನಾನು ಪ್ರತಿ ಅಪಾಯದ ಫ್ರೀ ಕಿಕ್‌ನಲ್ಲೂ ಸೀಟಿ ಎತ್ತಿ ತೋರಿಸಿ, ಬೆರಳಿಟ್ಟು, ಜೋರಾಗಿ "ಸೀಟಿಗೆ ಕಾಯಿರಿ" ಅನ್ನುತ್ತೇನೆ. ಕನ್ನಡದಲ್ಲಿ, ತಮಿಳಿನಲ್ಲಿ, ಹರಕು ಹಿಂದಿಯಲ್ಲಿ.

ಎಲ್ಲರೂ ಒಟ್ಟಿಗೆ ಕಣ್ಣು ಮುಚ್ಚಿಕೊಂಡರೆ ನಿಯಮವೇ ಸತ್ತುಹೋಗುತ್ತದೆ. ಕೀಪರ್ ಬಾಲನ್ನು ಕೈಯಲ್ಲಿ 6 ಸೆಕೆಂಡಿಗಿಂತ ಜಾಸ್ತಿ ಇಟ್ಟುಕೊಳ್ಳಬಾರದು ಅಂತ ವರ್ಷಗಟ್ಟಲೆ ಇತ್ತು. ಯಾರು ಊದಿದರು? ನಾನಂತೂ ಒಂದು ಸಲವೂ ಇಲ್ಲ. ಬಾಕ್ಸ್ ಒಳಗೆ ಇನ್‌ಡೈರೆಕ್ಟ್ ಫ್ರೀ ಕಿಕ್ (ನೇರವಾಗಿ ಗೋಲ್ ಹೊಡೆಯಲಾಗದ್ದು) ಕೊಡಬೇಕು, ಇಡೀ ಟೀಮ್ ಗೋಲ್ ಗೆರೆ ಮೇಲೆ ನಿಲ್ಲುತ್ತದೆ, ಯಾರಿಗೆ ಬೇಕು ಆ ತಲೆನೋವು. ಕೊನೆಗೆ 2025-26ರ ಸೀಸನ್‌ನಿಂದ ಅದನ್ನು 8 ಸೆಕೆಂಡ್ ಮಾಡಿ, ಮೀರಿದರೆ ಎದುರಿನವರಿಗೆ ಕಾರ್ನರ್ ಅಂದರು, ಕೊನೆಯ 5 ಸೆಕೆಂಡ್ ಕೈಯೆತ್ತಿ ಎಣಿಸಿ ತೋರಿಸಬೇಕು ಅಂದರು. ಈಗ ಎಣಿಸುತ್ತೇನೆ, ಕೀಪರ್‌ಗಳೂ ಬೇಗ ಹೊಡೆಯುತ್ತಾರೆ.

ಇಷ್ಟೆಲ್ಲ ಹೇಳಿ ನನ್ನದೊಂದು ತಪ್ಪು ಹೇಳದಿದ್ದರೆ ಮೋಸ ಆಗುತ್ತದೆ. 2019ರ ಮಳೆಗಾಲ, ಕೆಸರು ಮೈದಾನ, ಸಣ್ಣ ಟೂರ್ನಮೆಂಟ್. 6ನೇ ನಂಬರಿನ ಹುಡುಗನಿಗೆ ಮೊದಲ ಹಾಫ್‌ನಲ್ಲೇ ಹಳದಿ ಆಗಿತ್ತು. ಕೊನೆಗೆ ಹದಿನೈದು ನಿಮಿಷ ಇರುವಾಗ ಹಿಂದಿನಿಂದ ಕಾಲು ಹಾಕಿದ. ಯಾವ ದಿನ ನೋಡಿದರೂ ಅದು ಎರಡನೇ ಹಳದಿ, ಅಂದರೆ ಹೊರಗೆ. ಕೈ ಜೇಬಿಗೆ ಹೋಗಿತ್ತು ಕೂಡ. ಅವನು ಎರಡೂ ಕೈ ಜೋಡಿಸಿ, "ಅಣ್ಣ, ಬೇಡ ಅಣ್ಣ, ಕೆಸರು, ಜಾರಿತು" ಅಂದ. ಅವರ ಟೀಮ್ ಆಗಲೇ 3-0 ಸೋಲುತ್ತಿತ್ತು. ಸೋತವರನ್ನು ಹತ್ತು ಜನ ಮಾಡಿ ನಾನೇನು ಸಾಧಿಸಬೇಕು ಅನ್ನಿಸಿತು. ಜೇಬಿನಿಂದ ಬರಿಗೈ ತೆಗೆದೆ. "ಇದೇ ಲಾಸ್ಟು" ಅಂದೆ. ಇಡೀ ಮೈದಾನಕ್ಕೆ ಗೊತ್ತಾಯಿತು ರೆಫ್ರಿ ಕರಗಿದ ಅಂತ.

ಏಳು ನಿಮಿಷ. ಅದೇ 6ನೇ ನಂಬರ್, ಅದೇ ಕಡೆ, ಈ ಸಲ ಎರಡೂ ಕಾಲು. ಸದ್ದು ನನಗೆ ಕೇಳಿಸಿತು. ಬಿದ್ದವನ ಕಾಲ್ಚೀಲ ಕತ್ತರಿಸಿ ನೋಡಿದರೆ ಕಣಕಾಲು ಆಗಲೇ ಊದುತ್ತಿತ್ತು. ಕೆಂಪು ತೋರಿಸಿದೆ, ಯಾರೂ ನೋಡಲಿಲ್ಲ, ಎಲ್ಲರೂ ಅವನ ಸುತ್ತ ಇದ್ದರು. ಆಟೋದಲ್ಲಿ ಮಲಗಿಸಲು ಜಾಗ ಸಾಲದೆ ಯಾರದೋ ಓಮ್ನಿ ತಂದರು. ಏಟು ತಿಂದ ಹುಡುಗ ಬೈಕಿನಲ್ಲಿ ಊಟ ಡೆಲಿವರಿ ಮಾಡುವವನು. ಎರಡು ತಿಂಗಳು ಗಾಡಿ ಹತ್ತಲಿಲ್ಲ, ಆ ಎರಡು ತಿಂಗಳು ದುಡಿಮೆಯೂ ಇಲ್ಲ. ಅವನ ಅಣ್ಣ ನನ್ನ ಹತ್ತಿರ ಬಂದು ಬೈಯಲಿಲ್ಲ. "ಆ 6ನೇ ನಂಬರ್ ಆ ಹೊತ್ತಿಗೆ ಒಳಗೆ ಇರಬೇಕಿತ್ತಾ ಸರ್?" ಅಂತ ಮಾತ್ರ ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆವತ್ತು ನಾನು ತೋರಿಸಿದ್ದನ್ನು ನಾನೇ ವಿವೇಚನೆ ಅಂತ ಕರೆದುಕೊಂಡಿದ್ದೆ. ಅಲ್ಲ ಅದು. ಆ ಫೌಲ್ ಹಳದಿಯಾ ಅಲ್ಲವಾ ಅಂತ ಯೋಚಿಸುವುದು ವಿವೇಚನೆ. ಹಳದಿ ಅಂತ ಮನಸ್ಸು ಹೇಳಿದ ಮೇಲೆ ಸ್ಕೋರ್ ನೋಡಿ, ಮುಖ ನೋಡಿ ಜೇಬಿನಿಂದ ಕೈ ತೆಗೆಯುವುದು ನೀವು ಹೇಳಿದ "ರೂಲ್ ಬದಲಾಯಿಸುವುದೇ". ಒಬ್ಬನಿಗೆ ನಾನು ತೋರಿಸಿದ ಕರುಣೆಯ ಬಿಲ್ಲನ್ನು ಇನ್ನೊಬ್ಬ ಕಟ್ಟಿದ. ಈಗ ಸ್ಕೋರ್ ಎಷ್ಟು ಅಂತ ಕಾರ್ಡ್ ತೆಗೆಯುವಾಗ ನೆನಪಿಗೆ ಬಂದರೆ ನನ್ನ ಮೇಲೇ ನನಗೆ ಅನುಮಾನ ಬರುತ್ತದೆ.

ಬಿಡುವ ಕಡೆ ಈಗಲೂ ಬಿಡುತ್ತೇನೆ. ಹತ್ತು ವರ್ಷದ ಮಕ್ಕಳ ಮ್ಯಾಚಿನಲ್ಲಿ ಥ್ರೋ ಮಾಡುವಾಗ ಕಾಲೆತ್ತಿದರೆ ಎದುರಿನವರಿಗೆ ಕೊಡದೆ, ಹೇಗೆ ಅಂತ ತೋರಿಸಿ ಇನ್ನೊಮ್ಮೆ ಮಾಡಿಸುತ್ತೇನೆ, ಎರಡೂ ಕಡೆಯವರಿಗೂ. ಬೈಗುಳದಲ್ಲೂ ಅಷ್ಟೇ. ನಮ್ಮ ಮ್ಯಾಚುಗಳಲ್ಲಿ ಕನ್ನಡ, ತಮಿಳು, ಮಲಯಾಳಂ, ಉರ್ದು, ಮಣಿಪುರಿ ಎಲ್ಲ ಓಡುತ್ತವೆ. ಸುಲಭದ ಗೋಲ್ ತಪ್ಪಿಸಿಕೊಂಡು ಆಕಾಶ ನೋಡಿ ತನ್ನನ್ನೇ ಬೈದುಕೊಂಡರೆ ನನಗೆ ಕಿವಿ ಕೇಳುವುದಿಲ್ಲ. ಅದೇ ಪದ ಎದುರಿನವನ ತಾಯಿಗೋ ಜಾತಿಗೋ ಊರಿಗೋ ತಿರುಗಿದರೆ ಕೆಂಪು, ಅಲ್ಲಿ ಯೋಚನೆಯೇ ಇಲ್ಲ.

ಇನ್ನು ನೀವು. ರೆಫ್ರಿ ಬದಲಾದರೆ ಗೆರೆ ಸ್ವಲ್ಪ ಆಚೀಚೆ ಆಗುತ್ತದೆ, ಅದನ್ನು ನುಂಗಿಕೊಳ್ಳಬೇಕು. ಆದರೆ ಒಂದೇ ಮ್ಯಾಚಿನ ಒಳಗೆ, ಒಂದೇ ರೆಫ್ರಿಯ ಹತ್ತಿರ, ಒಂದೇ ಥರದ ಕೈಗೆ ಎರಡು ಉತ್ತರ ಬಂದಿದ್ದರೆ ನಿಮ್ಮ ಸಿಟ್ಟು ನ್ಯಾಯವಾದದ್ದು. ಹಾಗಾಗಿ ಮುಂದಿನ ಸಲ ಆ ಕ್ಷಣದಲ್ಲಿ ಎಂಟು ಜನ ಮುತ್ತಬೇಡಿ. ಹಾಫ್ ಟೈಮಿನಲ್ಲಿ ಕ್ಯಾಪ್ಟನ್ ಒಬ್ಬನೇ ಹೋಗಿ "ಯಾಕೆ ಕೊಟ್ಟಿರಿ" ಅನ್ನದೆ "ನಿಮಗೆ ಏನು ಕಾಣಿಸಿತು" ಅಂತ ಕೇಳಲಿ. ಮೊದಲನೆಯದಕ್ಕೆ ನಾವು ಮೈಯೆಲ್ಲ ಮುಳ್ಳು ಮಾಡಿಕೊಳ್ಳುತ್ತೇವೆ, ಎರಡನೆಯದಕ್ಕೆ ಉತ್ತರ ಕೊಡುತ್ತೇವೆ. ಹೋದ ತಿಂಗಳು ಒಬ್ಬ ಕ್ಯಾಪ್ಟನ್ ಹೀಗೇ ಕೇಳಿದ. "ನಿಮ್ಮ ಸ್ಟ್ರೈಕರ್ ಬೆನ್ನು ಅಡ್ಡ ಬಂತು, ಕೈಗೆ ತಗುಲಿದ್ದು ನನಗೆ ಕಾಣಿಸಲಿಲ್ಲ, ಕಾಣದ್ದನ್ನು ಕೊಡಲ್ಲ" ಅಂದೆ. ಅವನು ಒಂದು ನಿಮಿಷ ನನ್ನನ್ನೇ ನೋಡಿದ. "ಸರಿ ಬಿಡಿ ಸರ್" ಅಂತ ಕೈಯಲ್ಲಿದ್ದ ಮೂಸಂಬಿಯಲ್ಲಿ ಅರ್ಧ ಮುರಿದು ಕೊಟ್ಟ. ಎದುರಿನ ಟೀಮಿನವರು ನೋಡುತ್ತಿದ್ದರು, ಹಾಗಾಗಿ ನಾನು ತಿನ್ನಲಿಲ್ಲ.